ಹ್ಯೂಯೆನ್ ತ್ಸಾಂಗ್ ಮರಳಿ ಬಂದ ಊರಿನಲ್ಲಿ

(ಮೈಸೂರಿನ ಓದುಗರ ಬಳಗವೊಂದರ ತಿಂಗಳ ಸಭೆಯಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಬರಹ ರೂಪ)



ಷಿಯಾನ್ ಎಂಬ ಹೆಸರು ಕೇಳಿದರೆ ನಮ್ಮಲ್ಲಿ ಬಹಳ ಜನರಿಗೆ ತಟ್ಟನೆ ಏನೂ ಹೊಳೆಯುವುದಿಲ್ಲ. ಬೀಜಿಂಗ್ ಗೊತ್ತು, ಶಾಂಘೈ ಗೊತ್ತು. ಆದರೆ ಬೆನ್ನ ಮೇಲೆ ಗ್ರಂಥಗಳ ಹೊರೆ ಹೊತ್ತು ನಡೆಯುತ್ತಿರುವ ಸನ್ಯಾಸಿಯೊಬ್ಬನ ಚಿತ್ರವನ್ನು ಶಾಲೆಯ ಇತಿಹಾಸ ಪುಸ್ತಕದಲ್ಲಿ ನೋಡದವರು ಈ ಸಭೆಯಲ್ಲಿ ಯಾರೂ ಇರಲಾರರು. ಆತ ಹ್ಯೂಯೆನ್ ತ್ಸಾಂಗ್. ಹುಟ್ಟಿದ್ದು ಬೇರೆ ಕಡೆ, ಲುವೊಯಾಂಗ್ ನಗರದ ಬಳಿಯ ಒಂದು ಹಳ್ಳಿಯಲ್ಲಿ. ಆದರೆ ಭಾರತಕ್ಕೆಂದು ಹೊರಟದ್ದು ಈ ಊರಿನಿಂದ, ಮರಳಿ ಬಂದದ್ದೂ ಈ ಊರಿಗೇ. ಆಗ ಇದರ ಹೆಸರು ಚಾಂಗಾನ್, ಎಂದರೆ ಚಿರಶಾಂತಿ. ಷಿಯಾನ್ ಎಂದರೆ ಪಶ್ಚಿಮದ ಶಾಂತಿ. ಇಷ್ಟು ಯುದ್ಧಗಳನ್ನು ಕಂಡ ಊರಿಗೆ ಎರಡು ಸಲವೂ ಶಾಂತಿಯ ಹೆಸರನ್ನೇ ಇಟ್ಟಿದ್ದಾರೆ!

ನಾನು ಇತಿಹಾಸಕಾರಳಲ್ಲ, ಪತ್ರಿಕೆಯ ವರದಿಗಾರ್ತಿ. ಹೋದ ವರ್ಷ ಅಕ್ಟೋಬರ್ ಕೊನೆಯಲ್ಲಿ ಒಂಬತ್ತು ದಿನ ಆ ಊರಿನಲ್ಲಿದ್ದೆ. ಸರ್ಕಾರದ ನಿಯೋಗವಿಲ್ಲ, ಪ್ರವಾಸಿ ಸಂಸ್ಥೆಯಿಲ್ಲ, ಜೊತೆಗಾರರಿಲ್ಲ. ‘ಒಬ್ಬಳೇ ಹೋದೆಯಾ? ಅದೂ ಚೀನಾಕ್ಕೆ?’ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದ್ದರಿಂದ ಆ ಉತ್ತರವನ್ನು ಇಲ್ಲಿಯೇ ಒಮ್ಮೆ ಹೇಳಿ ಮುಗಿಸಿಬಿಡುತ್ತೇನೆ. ಹೌದು, ಒಬ್ಬಳೇ ಹೋದೆ. ರಾತ್ರಿ ಹತ್ತೂವರೆಗೆ ಮೆಟ್ರೊ ಇಳಿದು ಒಂದು ಕಿಲೋಮೀಟರ್ ನಡೆದು ವಸತಿಗೃಹಕ್ಕೆ ಹೋಗುವಾಗ ಹಿಂದೆ ತಿರುಗಿ ನೋಡಬೇಕೆನಿಸಲಿಲ್ಲ. ಅದು ಒಂದು ಸುಖವೇ. ಆದರೆ ಆ ಬೀದಿಗಳ ಪ್ರತಿ ಕಂಬದ ಮೇಲೂ ಒಂದು ಕ್ಯಾಮೆರಾ ನನ್ನನ್ನು ನೋಡುತ್ತಿತ್ತು ಎಂಬುದನ್ನೂ ಸೇರಿಸಿ ಹೇಳಬೇಕು. ನಿರ್ಭಯವಾಗಿ ನಡೆದದ್ದು ಆ ಕಣ್ಣುಗಳ ಕೆಳಗೆ.

ಭಾಷೆ ಬಾರದ ಊರಿನಲ್ಲಿ ಒಂಟಿಯಾಗಿರುವುದು ಎಂದರೆ ಏನೆಂದು ನಮ್ಮ ದೇಶದೊಳಗೆ ಸುತ್ತಿದವರಿಗೆ ಅಷ್ಟಾಗಿ ಗೊತ್ತಾಗದು. ಅಸ್ಸಾಮಿಗೆ ಹೋದರೂ ಅಂಗಡಿಯ ಫಲಕದಲ್ಲಿ ಒಂದಾದರೂ ಇಂಗ್ಲಿಷ್ ಪದ ಇರುತ್ತದೆ. ಷಿಯಾನಿನ ಗಲ್ಲಿಗಳಲ್ಲಿ ನಾನು ಅಕ್ಷರಶಃ ನಿರಕ್ಷರಿ. ಇಪ್ಪತ್ತೆರಡು ವರ್ಷದ ಓದು ಒಂದು ಹೋಟೆಲಿನ ತಿಂಡಿ ಪಟ್ಟಿಯ ಮುಂದೆ ಉಪಯೋಗಕ್ಕೆ ಬರಲಿಲ್ಲ. ಮೊಬೈಲ್ ಫೋನಿನ ಅನುವಾದಕ ಯಂತ್ರ ಕೈಹಿಡಿಯಿತು, ನಿಜ. ನಾನು ಮಾತಾಡಿದ್ದನ್ನು ಅದು ಚೀನಿಯಲ್ಲಿ ಹೇಳುತ್ತಿತ್ತು, ಅವರ ಉತ್ತರವನ್ನು ನನಗೆ ತಿಳಿಸುತ್ತಿತ್ತು. ಹಣ ಕೊಡುವುದೂ ಫೋನಿನಿಂದಲೇ. ತಳ್ಳುಗಾಡಿಯಲ್ಲಿ ದಾಳಿಂಬೆ ರಸ ಮಾರುವ ಅಜ್ಜಿಯ ಕೊರಳಿನಲ್ಲೂ ಚೌಕುಳಿ ಚಿತ್ರದ ಬಿಲ್ಲೆ ನೇತಾಡುತ್ತದೆ. ನಮ್ಮಲ್ಲೂ ಈಗ ಹಾಗೆಯೇ ಆದ್ದರಿಂದ ಇದು ನನಗೆ ವಿಶೇಷವೆನಿಸಲಿಲ್ಲ. ನೋಟು ಕೊಟ್ಟಾಗ ಚಿಲ್ಲರೆಗಾಗಿ ಪಕ್ಕದ ಅಂಗಡಿಗೆ ಓಡುವ ದೃಶ್ಯವೂ ಎರಡೂ ದೇಶಗಳಲ್ಲಿ ಒಂದೇ.

ಓದಲು ಬಾರದವರಿಗೆ ಆ ಊರು ಮಾಡಿಕೊಟ್ಟ ಒಂದು ಉಪಕಾರ ಮಾತ್ರ ನನಗೆ ಬಹಳ ಹಿಡಿಸಿತು. ಷಿಯಾನಿನ ಮೆಟ್ರೊ 2011ರಲ್ಲಿ ಆರಂಭವಾಯಿತು. ಅದರ ಪ್ರತಿ ನಿಲ್ದಾಣಕ್ಕೂ ಹೆಸರಿನ ಜೊತೆಗೆ ಒಂದು ಪುಟ್ಟ ಚಿತ್ರಮುದ್ರೆ ಇದೆ. ಗಂಟೆಗೋಪುರದ ನಿಲ್ದಾಣಕ್ಕೆ ಗೋಪುರದ ಗುರುತು, ಸ್ತೂಪದ ನಿಲ್ದಾಣಕ್ಕೆ ಸ್ತೂಪದ ಗುರುತು. ಚುನಾವಣೆಯಲ್ಲಿ ನಮ್ಮವರು ಎತ್ತು, ಸೈಕಲ್ಲು, ದೀಪ ನೋಡಿ ಮತ ಹಾಕಿದಂತೆ ನಾನು ಚಿತ್ರ ನೋಡಿ ಇಳಿಯುತ್ತಿದ್ದೆ. ಆ ಮೆಟ್ರೊ ಹಾಕುವಾಗ ಇನ್ನೊಂದು ತೊಡಕಿತ್ತಂತೆ. ಅಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ಹಳೆಯ ಗೋರಿ. ಪುರಾತತ್ವದವರು ಅಗೆದು ನೋಡಿ ಒಪ್ಪಿಗೆ ಕೊಡುವವರೆಗೆ ಎಂಜಿನಿಯರುಗಳು ಕಾಯಬೇಕು. ನಗರದ ನಡುಮಧ್ಯದ ಗಂಟೆಗೋಪುರ 1384ರದ್ದು. ಅದಕ್ಕೆ ಅದುರು ತಾಕಬಾರದೆಂದು ಸುರಂಗಗಳನ್ನು ನೇರವಾಗಿ ಅದರ ಅಡಿಯಲ್ಲಿ ಕೊರೆಯದೆ ಎರಡೂ ಬದಿಗೆ ಬಳಸಿ ಒಯ್ದಿದ್ದಾರೆ.

ಊರಿನ ಗಾತ್ರದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. 2020ರ ಜನಗಣತಿಯಂತೆ ಷಿಯಾನಿನ ಜನಸಂಖ್ಯೆ ಸುಮಾರು 1 ಕೋಟಿ 29 ಲಕ್ಷ. ಹದಿಮೂರು ರಾಜವಂಶಗಳು ಇಲ್ಲಿಂದ ಆಳಿದವೆಂದು ಅಲ್ಲಿಯವರು ಲೆಕ್ಕ ಒಪ್ಪಿಸುತ್ತಾರೆ. ಈಗ ಕಾಣುವ ಕೋಟೆ ಮಿಂಗ್ ವಂಶದ ಕಾಲದ್ದು, 1370ರ ದಶಕದಲ್ಲಿ ಕಟ್ಟಿದ್ದು. ಸುತ್ತಳತೆ 13.7 ಕಿಲೋಮೀಟರ್, ಎತ್ತರ 12 ಮೀಟರ್. ಮೇಲೆ ಎರಡು ಲಾರಿಗಳು ಎದುರುಬದುರಾಗಿ ಸಲೀಸಾಗಿ ಹೋಗುವಷ್ಟು ಅಗಲ. ನಾನು ಬಾಡಿಗೆ ಸೈಕಲ್ ಹಿಡಿದು ಒಂದು ಸುತ್ತು ಹಾಕಿದೆ. ಕಲ್ಲಿಟ್ಟಿಗೆಯ ನೆಲದಲ್ಲಿ ಕುಲುಕಿ ಕುಲುಕಿ ಎರಡು ಗಂಟೆ ಹಿಡಿಯಿತು. ಇಷ್ಟು ದೊಡ್ಡ ಕೋಟೆಯೇ ಎಂದು ಬೆರಗಾಗುವವರು ಒಂದು ವಿಷಯ ತಿಳಿದಿರಬೇಕು. ಇದರ ಒಳಗಿನ ಪ್ರದೇಶ ಹ್ಯೂಯೆನ್ ತ್ಸಾಂಗನ ಕಾಲದ ಚಾಂಗಾನಿನ ಏಳನೆಯ ಒಂದು ಭಾಗ ಮಾತ್ರ. ತಾಂಗ್ ವಂಶದ ಆ ರಾಜಧಾನಿ 84 ಚದರ ಕಿಲೋಮೀಟರ್ ಹರಡಿತ್ತು. ಚದುರಂಗದ ಮಣೆಯಂತೆ ಗೆರೆ ಎಳೆದ ಬೀದಿಗಳು, ಸುತ್ತ ಗೋಡೆ ಇದ್ದ ನೂರೆಂಟು ಕೇರಿಗಳು. ಸಂಜೆ ನಗಾರಿ ಬಾರಿಸಿದರೆ ಕೇರಿಗಳ ಬಾಗಿಲು ಮುಚ್ಚುತ್ತಿತ್ತು. ಆ ಮೇಲೆ ಬೀದಿಗೆ ಬಂದವರಿಗೆ ಶಿಕ್ಷೆ.

ಅದರಲ್ಲಿ ಈಗ ಉಳಿದಿರುವುದೆಷ್ಟು? ಅರಮನೆಗಳು ಮರದವು, ಸುಟ್ಟುಹೋದವು. ಮನೆಗಳು ಮಣ್ಣಿನವು, ಕರಗಿಹೋದವು. ನೆಲದ ಮೇಲೆ ತಾಂಗ್ ಕಾಲದ್ದೆಂದು ಇಂದು ಕಾಣುವುದು ಮುಖ್ಯವಾಗಿ ಇಟ್ಟಿಗೆಯ ಸ್ತೂಪಗೋಪುರಗಳು ಮಾತ್ರ. ಆದರೆ ಸಂಜೆ ಊರ ದಕ್ಷಿಣಕ್ಕೆ ಹೋದರೆ ಇಡೀ ಬೀದಿಯೇ ತಾಂಗ್ ಕಾಲದ್ದೆಂಬಂತೆ ಝಗಝಗಿಸುತ್ತದೆ. ಎಲ್ಲವೂ ಈ ಶತಮಾನದಲ್ಲಿ ಕಟ್ಟಿದ್ದು. ಮೊದಲ ಸಂಜೆ ಅಲ್ಲಿ ಎತ್ತರದ ತುರುಬು, ನೆಲ ಗುಡಿಸುವ ರೇಷ್ಮೆ ನಿಲುವಂಗಿ, ಹಣೆಯಲ್ಲಿ ಕೆಂಪು ಬೊಟ್ಟು ಇಟ್ಟುಕೊಂಡ ನೂರಾರು ಹುಡುಗಿಯರನ್ನು ಕಂಡಾಗ ಯಾವುದೋ ನಾಟಕ ಕಂಪನಿ ಬಿಡಾರ ಹೂಡಿದೆ ಎಂದುಕೊಂಡೆ. ವಿಚಾರಿಸಿದರೆ ಎಲ್ಲರೂ ಬೇರೆ ಬೇರೆ ಊರುಗಳಿಂದ ಬಂದ ಪ್ರವಾಸಿಗಳು. ವೇಷ, ಪ್ರಸಾಧನ, ಛಾಯಾಚಿತ್ರ ಎಲ್ಲ ಸೇರಿ ಬಾಡಿಗೆಗೆ ಸಿಗುತ್ತದೆ. ಒಬ್ಬ ಹುಡುಗಿ ಬ್ಯಾಂಕಿನ ಗುಮಾಸ್ತೆ. ‘ವರ್ಷವೆಲ್ಲ ನಾನು ಕಂಪ್ಯೂಟರ್ ಮುಂದೆ, ಒಂದು ದಿನ ರಾಜಕುಮಾರಿ’ ಎಂದು ಯಂತ್ರದ ಮೂಲಕ ಹೇಳಿ ನಕ್ಕಳು. ನಗುವ ವಿಷಯವೇನಲ್ಲ. ನಾವೂ ದಸರೆಯಲ್ಲಿ ಇಂಥದೇ ಏನೋ ಮಾಡುತ್ತೇವಲ್ಲ.

ಆದರೆ ಇಲ್ಲಿ ನನ್ನ ತಲೆಯಲ್ಲಿ ಒಂದು ಹುಳು ಹೊಕ್ಕಿತು. ಉಳಿದದ್ದು ಯಾವುದು, ಮತ್ತೆ ಕಟ್ಟಿದ್ದು ಯಾವುದು? ಈ ಕೋಟೆಯನ್ನೇ ತೆಗೆದುಕೊಳ್ಳಿ. ಬೀಜಿಂಗಿನ ಹಳೆಯ ಕೋಟೆಗೋಡೆಯನ್ನು 1950 ಮತ್ತು 60ರ ದಶಕಗಳಲ್ಲಿ ರಸ್ತೆಗಾಗಿ, ಮೆಟ್ರೊಗಾಗಿ ಬಹುಪಾಲು ಕೆಡವಿಹಾಕಿದರು. ಷಿಯಾನಿನದೂ ಅದೇ ದಾರಿ ಹಿಡಿಯುವುದರಲ್ಲಿತ್ತು. 1958ರ ‘ಮಹಾ ಜಿಗಿತ’ದ ದಿನಗಳಲ್ಲಿ ಕೆಡಹುವ ಯೋಜನೆ ಸಿದ್ಧವಾಗಿತ್ತು. ಪರಂಪರೆಯ ಕಾಳಜಿಯಿದ್ದ ಕೆಲವು ಅಧಿಕಾರಿಗಳು, ವಿದ್ವಾಂಸರು ಕೇಂದ್ರ ಸರ್ಕಾರಕ್ಕೆ ಬರೆದುಕೊಂಡರು. ಕೆಡಹುವುದು ನಿಂತಿತು. 1961ರಲ್ಲಿ ಚೀನಾ ಸರ್ಕಾರ ರಾಷ್ಟ್ರೀಯ ಸ್ಮಾರಕಗಳ ಮೊದಲ ಪಟ್ಟಿ ಪ್ರಕಟಿಸಿದಾಗ ಈ ಕೋಟೆಯೂ ಅದರಲ್ಲಿ ಸೇರಿತು. 1983ರಿಂದ ದೊಡ್ಡ ಪ್ರಮಾಣದ ದುರಸ್ತಿ ನಡೆಯಿತು. ಆದ್ದರಿಂದ ನೀವು ಇಂದು ಸೈಕಲ್ ತುಳಿಯುವ ಇಟ್ಟಿಗೆಗಳಲ್ಲಿ ಎಷ್ಟೋ ಭಾಗ ನಮ್ಮ ತಂದೆತಾಯಿಗಳ ವಯಸ್ಸಿನವು. ಗೋಡೆಯ ಕೆಳಗೆ ಕಂದಕದ ಉದ್ದಕ್ಕೂ ಉದ್ಯಾನವಿದೆ. ಅಲ್ಲಿ ಬೆಳಗ್ಗೆ ಮುದುಕರು ಗುಂಪು ಸೇರಿ, ಪಿಟೀಲಿನ ಜಾತಿಯ ಎರಡು ತಂತಿಯ ವಾದ್ಯ ಹಿಡಿದು, ಚಿನ್‌ಚಿಯಾಂಗ್ ಎಂಬ ಆ ಸೀಮೆಯ ಸಂಗೀತ ನಾಟಕದ ಪದಗಳನ್ನು ಗಂಟಲು ಬಿರಿಯುವಂತೆ ಹಾಡುತ್ತಾರೆ. ಮೈಕಿಲ್ಲದ ಕಾಲದಲ್ಲಿ ಬಯಲಿನಲ್ಲಿ ಕೊನೆಯ ಸಾಲಿಗೂ ಕೇಳಬೇಕಾದ ಹಾಡು ಹೀಗೆಯೇ ಇರಬೇಕು. ಟಿಕೆಟಿಲ್ಲ, ವೇಷವಿಲ್ಲ. ಆ ಊರಿನಲ್ಲಿ ನಾನು ಕಂಡ ಅತ್ಯಂತ ಹಳೆಯ ವಸ್ತು ಆ ದನಿಯೇ ಇರಬಹುದು ಎನ್ನಿಸಿತು.

ಇನ್ನು ಮಣ್ಣಿನ ಸೈನಿಕರ ವಿಷಯ. ಚಿತ್ರಗಳಲ್ಲಿ ಎಲ್ಲರೂ ನೋಡಿದ್ದೀರಿ, ಆದ್ದರಿಂದ ಬೇಗ ಮುಗಿಸುತ್ತೇನೆ. 1974ರ ಮಾರ್ಚಿನಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿದ್ದು. ಕ್ರಿ.ಪೂ. 210ರಲ್ಲಿ ಸತ್ತ ಚಿನ್ ಷಿ ಹ್ವಾಂಗ್ ಚಕ್ರವರ್ತಿಯ ಗೋರಿಯ ಕಾವಲುಪಡೆ. ಸುಮಾರು ಎಂಟು ಸಾವಿರ ಮೂರ್ತಿಗಳಿರಬಹುದೆಂದು ಅಂದಾಜು, ಬಹುಪಾಲು ಇನ್ನೂ ಮಣ್ಣಿನಡಿಯಲ್ಲೇ ಇವೆ. ಅಲ್ಲಿ ಹೋದ ಮೇಲೆ ತಿಳಿದದ್ದು: ಸಾಲಾಗಿ ನಿಂತಿರುವ ಆ ಸೈನಿಕರೆಲ್ಲ ಸಿಕ್ಕಿದಾಗ ಚೂರುಚೂರಾಗಿದ್ದವರು. ಒಬ್ಬೊಬ್ಬನನ್ನೂ ತಿಂಗಳುಗಟ್ಟಲೆ ಕೂತು ಜೋಡಿಸಿದ್ದಾರೆ. ಅವರಿಗೆಲ್ಲ ಮೊದಲು ಬಣ್ಣವಿತ್ತು. ಅಗೆದು ಗಾಳಿಗೆ ಒಡ್ಡಿದ ಕೆಲವೇ ನಿಮಿಷಗಳಲ್ಲಿ ಆ ಬಣ್ಣ ಸುರುಟಿ ಉದುರುತ್ತದೆ. ಬಾಕಿಯವರನ್ನು ಹೊರತೆಗೆಯಲು ಅವಸರ ಮಾಡದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಚಕ್ರವರ್ತಿಯ ಗೋರಿಯ ದಿಬ್ಬವನ್ನಂತೂ ಇದುವರೆಗೆ ತೆರೆದೇ ಇಲ್ಲ. ಒಳಗೆ ಪಾದರಸದ ನದಿಗಳನ್ನು ಹರಿಸಿದ್ದರೆಂದು ಪ್ರಾಚೀನ ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದಾನೆ. ಈಚಿನ ಪರೀಕ್ಷೆಗಳಲ್ಲಿ ಆ ಮಣ್ಣಿನಲ್ಲಿ ಪಾದರಸದ ಅಂಶ ಹೆಚ್ಚಾಗಿ ಕಂಡಿದೆ. ಮೂರ್ತಿಗಳ ಮೈಮೇಲೆ ಅಲ್ಲಲ್ಲಿ ಅವನ್ನು ಮಾಡಿದ ಕುಂಬಾರರ ಹೆಸರು ಒತ್ತಿದೆ. ಕೆಲಸ ಕೆಟ್ಟರೆ ಯಾರನ್ನು ಹಿಡಿಯಬೇಕೆಂದು ತಿಳಿಯಲು ಆ ಏರ್ಪಾಡು. ಅರಸನ ಭಯಕ್ಕೆ ಬರೆದ ಹೆಸರುಗಳು ಕುಂಬಾರರನ್ನು ಎರಡು ಸಾವಿರ ವರ್ಷ ಬದುಕಿಸಿವೆ.

ನಾನು ಹೆಚ್ಚು ಹೊತ್ತು ಕಳೆದದ್ದು ಪ್ರವಾಸಿಗಳು ಅಷ್ಟಾಗಿ ನುಗ್ಗದ ಒಂದು ಜಾಗದಲ್ಲಿ. ಅದರ ಹೆಸರು ಬೇಯ್‌ಲಿನ್, ಶಿಲಾಶಾಸನಗಳ ಕಾಡು. ಕೋಟೆಯ ದಕ್ಷಿಣ ಗೋಡೆಗೆ ಒತ್ತಿಕೊಂಡಂತೆ ಇರುವ ಈ ಸಂಗ್ರಹ 1087ರಲ್ಲಿ ಆರಂಭವಾಯಿತು. ಆಳೆತ್ತರದ, ಎರಡಾಳೆತ್ತರದ ಕಪ್ಪು ಕಲ್ಲುಗಳು ಸಾಲಾಗಿ ನಿಂತಿವೆ. 837ರಲ್ಲಿ ಕೆತ್ತಿ ಮುಗಿಸಿದ ಒಂದು ಸಾಲಿನಲ್ಲಿ 114 ಕಲ್ಲುಗಳಿವೆ. ಅದರಲ್ಲಿ ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳನ್ನು ಆರೂವರೆ ಲಕ್ಷ ಅಕ್ಷರಗಳಲ್ಲಿ ಕಂಡರಿಸಿದ್ದಾರೆ. ಇದು ಓದುವ ಪುಸ್ತಕವಲ್ಲ, ತಿದ್ದಿಕೊಳ್ಳುವ ಪುಸ್ತಕ. ಕೈಬರಹದ ಪ್ರತಿಯಲ್ಲಿ ತಪ್ಪು ನುಸುಳಿದೆಯೆಂಬ ಅನುಮಾನ ಬಂದರೆ ವಿದ್ಯಾರ್ಥಿ ಇಲ್ಲಿ ಬಂದು ಹೋಲಿಸಿ ನೋಡಬೇಕು. ಮುದ್ರಣ ಹರಡುವ ಮೊದಲು ಕರಡು ತಿದ್ದುವ ಕೆಲಸ ಕಲ್ಲಿನಿಂದ ನಡೆಯುತ್ತಿತ್ತು ಎನ್ನಿ. ಪತ್ರಿಕಾ ಕಚೇರಿಯವಳಾದ ನನಗೆ ಇದು ಮನಸ್ಸಿಗೆ ನಾಟಿತು.

ಅಲ್ಲೇ ಒಂದು ಮೂಲೆಯಲ್ಲಿ ಇಬ್ಬರು ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ಕೂರಿಸಿ, ಮಸಿಯ ಗುಂಡಿಯಿಂದ ಮೆಲ್ಲಗೆ ಒತ್ತುತ್ತಿದ್ದರು. ಅಕ್ಷರ ಬಿಳಿಯಾಗಿ, ಸುತ್ತಲ ಕಾಗದ ಕರಿಯಾಗಿ ಎದ್ದುಬರುತ್ತಿತ್ತು. ಈ ಸಭೆಯಲ್ಲಿರುವ ಮೈಸೂರಿನವರಿಗೆ ಇದು ಹೊಸದಲ್ಲ. ನಮ್ಮ ಊರಿನಲ್ಲೇ ಇರುವ ಶಾಸನ ಇಲಾಖೆಯವರು ಪಡಿಯಚ್ಚು ತೆಗೆಯುವ ರೀತಿಯೂ ಇದೇ. ವ್ಯತ್ಯಾಸವಿಷ್ಟೆ: ಅಲ್ಲಿ ಪಡಿಯಚ್ಚು ವಿದ್ವಾಂಸರ ಕಪಾಟಿಗೆ ಸೀಮಿತವಲ್ಲ. ಬಾಗಿಲ ಬಳಿಯ ಅಂಗಡಿಯಲ್ಲಿ ಸುರುಳಿ ಸುತ್ತಿ ಮಾರುತ್ತಾರೆ. ಜನ ಕೊಂಡು ಮನೆಯ ಗೋಡೆಗೆ ತೂಗುಹಾಕುತ್ತಾರೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಪಡಿಯಚ್ಚು ಹೀಗೆ ಬಸ್ ನಿಲ್ದಾಣದ ಅಂಗಡಿಯಲ್ಲಿ ಸಿಗುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಅದೇ ಕಾಡಿನಲ್ಲಿ 781ನೇ ಇಸವಿಯ ಒಂದು ಕಲ್ಲಿದೆ. ತಲೆಯ ಮೇಲೆ ಪುಟ್ಟ ಶಿಲುಬೆ, ಕೆಳಗೆ ಚೀನಿ ಬರಹ, ಬದಿಗೆ ಸಿರಿಯಾಕ್ ಲಿಪಿಯ ಸಾಲುಗಳು. ಪರ್ಷಿಯಾದ ಕಡೆಯಿಂದ ಬಂದ ಕ್ರೈಸ್ತ ಪಾದ್ರಿಗಳನ್ನು ತಾಂಗ್ ಚಕ್ರವರ್ತಿ ಹೇಗೆ ಬರಮಾಡಿಕೊಂಡ ಎಂಬ ವೃತ್ತಾಂತ ಅದರಲ್ಲಿದೆ. ನಡೆದುಹೋದರೆ ಸಿಗುವ ಮುಸ್ಲಿಂ ಕೇರಿಯ ದೊಡ್ಡ ಮಸೀದಿ ಇನ್ನೂ ವಿಸ್ಮಯಕರ. ಗುಮ್ಮಟವಿಲ್ಲ, ಮಿನಾರಿಲ್ಲ. ಬಾಗಿದ ಹೆಂಚಿನ ಮಾಡು, ಮರದ ಮಂಟಪ, ಅಂಗಳದ ಮೇಲೆ ಅಂಗಳ. ಚೀನಿ ದೇವಾಲಯಗಳೆಲ್ಲ ಸಾಮಾನ್ಯವಾಗಿ ದಕ್ಷಿಣಕ್ಕೆ ಮುಖ ಮಾಡಿದ್ದರೆ ಇದು ಮಾತ್ರ ಪೂರ್ವದಿಂದ ಪಶ್ಚಿಮಕ್ಕೆ ಚಾಚಿಕೊಂಡಿದೆ. ಮೆಕ್ಕಾ ಇರುವುದು ಆ ದಿಕ್ಕಿಗಲ್ಲವೇ? ಹೊರಗಿನ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಅಲ್ಲಿ ಬೇಯಿಸಿದ ಅಗಲದ ಶ್ಯಾವಿಗೆಯ ಮೇಲೆ ಒಣಮೆಣಸಿನ ಪುಡಿ ಹಾಕಿ, ಅದರ ಮೇಲೆ ಹೊಗೆಯಾಡುವ ಎಣ್ಣೆಯನ್ನು ‘ಚುಂಯ್’ ಎಂದು ಸುರಿಯುತ್ತಾರೆ. ಹೆಸರು ಬ್ಯಾಂಗ್‌ಬ್ಯಾಂಗ್. ಆ ಹೆಸರಿನ ಅಕ್ಷರ ಬರೆಯಲು ಐವತ್ತಕ್ಕೂ ಹೆಚ್ಚು ಗೆರೆ ಎಳೆಯಬೇಕು. ಎಷ್ಟೋ ನಿಘಂಟುಗಳಲ್ಲಿ ಅದಿಲ್ಲ. ಕಂಪ್ಯೂಟರಿನ ಅಕ್ಷರ ಪಟ್ಟಿಗೆ ಸೇರಿದ್ದೂ 2020ರಲ್ಲಿ. ಆ ಒಗ್ಗರಣೆಯ ವಾಸನೆಗೆ ನನಗೆ ಮನೆಯ ನೆನಪಾಯಿತು. ಆದರೆ ಮೆಣಸಿನಕಾಯಿ ಅವರದೂ ಅಲ್ಲ, ನಮ್ಮದೂ ಅಲ್ಲ. ಕೊಲಂಬಸನ ಯಾನದ ನಂತರವೇ ಅಮೆರಿಕದಿಂದ ಎರಡೂ ಕಡೆಗೆ ಬಂದದ್ದು.

ಈಗ ಹ್ಯೂಯೆನ್ ತ್ಸಾಂಗನ ಬಳಿಗೆ ಬರೋಣ. ಆ ಹೆಸರನ್ನು ನಮ್ಮ ಪಠ್ಯಪುಸ್ತಕದ ಉಚ್ಚಾರದಲ್ಲಿ ಹೇಳಿದರೆ ಷಿಯಾನಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಅವರ ಬಾಯಲ್ಲಿ ಅದು ‘ಷ್ವಾನ್‌ಜಾಂಗ್’ ಎಂಬಂತೆ ಕೇಳುತ್ತದೆ. ಅದಕ್ಕಿಂತ ಸುಲಭ ‘ತಾಂಗ್ ಸೆಂಗ್’, ತಾಂಗ್ ಸನ್ಯಾಸಿ ಎಂದರೆ ಮಗುವಿಗೂ ಗೊತ್ತು. ಹದಿನಾರನೇ ಶತಮಾನದ ‘ಪಶ್ಚಿಮ ಯಾತ್ರೆ’ ಎಂಬ ಕಾದಂಬರಿ ಆತನನ್ನು ಕಥಾನಾಯಕನನ್ನಾಗಿ ಮಾಡಿತು. ಜೊತೆಗೆ ಹಾರುವ, ರೂಪ ಬದಲಿಸುವ ಒಬ್ಬ ವಾನರ ಶಿಷ್ಯನನ್ನೂ ಕೊಟ್ಟಿತು. ಕೋತಿಗೆ ಜನಪ್ರಿಯತೆ ಎಷ್ಟೆಂದರೆ ಗುರು ಅದರ ನೆರಳಿನಲ್ಲಿ ಮಂಕಾಗಿದ್ದಾನೆ.

ನಿಜವಾದ ಸನ್ಯಾಸಿ ಗಟ್ಟಿಗ. 629ರಲ್ಲಿ, 627 ಎನ್ನುವವರೂ ಇದ್ದಾರೆ, ಗಡಿ ದಾಟಬಾರದೆಂಬ ರಾಜಾಜ್ಞೆಯನ್ನು ಮೀರಿ ಹೊರಟ. ಒಂಟಿ ಪ್ರಯಾಣವೆಂದರೆ ಅದು. ಮರುಭೂಮಿಯಲ್ಲಿ ನೀರಿನ ಚರ್ಮದ ಚೀಲ ಕೈಜಾರಿ ಚೆಲ್ಲಿಹೋದ ಕಥೆಯನ್ನು ಆತನ ಶಿಷ್ಯರು ಬರೆದಿಟ್ಟಿದ್ದಾರೆ. ಹದಿನಾರು ಹದಿನೇಳು ವರ್ಷಗಳ ನಂತರ 645ರಲ್ಲಿ ಚಾಂಗಾನಿಗೆ ಮರಳಿದಾಗ ಜೊತೆಯಲ್ಲಿದ್ದದ್ದು 657 ಗ್ರಂಥಗಳು. ಕದ್ದು ಹೋದವನನ್ನು ಸ್ವಾಗತಿಸಲು ಬೀದಿ ತುಂಬ ಜನ. ಅಪ್ಪಣೆ ಮೀರಿದವನಿಗೆ ಚಕ್ರವರ್ತಿ ತೈಜಾಂಗ್ ಶಿಕ್ಷೆ ವಿಧಿಸಲಿಲ್ಲ. ಕಂಡದ್ದನ್ನೆಲ್ಲ ಬರೆದುಕೊಡು ಎಂದ. 646ರಲ್ಲಿ ಸಿದ್ಧವಾದ ಆ ವರದಿಯೇ ‘ಪಶ್ಚಿಮ ದೇಶಗಳ ವೃತ್ತಾಂತ’. ಅರಸನಿಗೆ ಬೇಕಾಗಿದ್ದದ್ದು ನೆರೆಹೊರೆಯ ರಾಜ್ಯಗಳ ಸಮಾಚಾರ. ಆ ಅಗತ್ಯಕ್ಕಾಗಿ ಹುಟ್ಟಿದ ಪುಸ್ತಕ ನಮ್ಮ ಇತಿಹಾಸದ ಆಧಾರವಾಯಿತು.

ನಮ್ಮ ಎಂದೆನಲ್ಲ, ಅದನ್ನು ಒತ್ತಿಯೇ ಹೇಳುತ್ತಿದ್ದೇನೆ. ಇಮ್ಮಡಿ ಪುಲಿಕೇಶಿ ಹರ್ಷವರ್ಧನನನ್ನು ತಡೆದು ನಿಲ್ಲಿಸಿದನೆಂದು ನಾವೆಲ್ಲ ಎದೆಯುಬ್ಬಿಸಿ ಹೇಳುತ್ತೇವೆ. ಅದಕ್ಕೆ ಮುಖ್ಯ ಆಧಾರ 634-35ರ ಐಹೊಳೆಯ ಶಾಸನ. ಆದರೆ ಅದನ್ನು ಬರೆದವನು ರವಿಕೀರ್ತಿ, ಪುಲಿಕೇಶಿಯ ಆಶ್ರಯದಲ್ಲಿದ್ದ ಕವಿ. ಆಸ್ಥಾನದ ಕವಿ ತನ್ನ ಅರಸ ಸೋತನೆಂದು ಬರೆಯುತ್ತಾನೆಯೇ ಎಂದು ಯಾರಾದರೂ ಕೇಳಬಹುದು. ಅಲ್ಲಿ ನೆರವಿಗೆ ಬರುವವನು ಈ ಚೀನಿ ಸನ್ಯಾಸಿ. 640ರ ಆಸುಪಾಸಿನಲ್ಲಿ ಆತ ಪುಲಿಕೇಶಿಯ ರಾಜ್ಯದಲ್ಲಿ ಹಾದುಹೋದ. ಕಂಡದ್ದು ಬಾದಾಮಿಯನ್ನೋ ನಾಸಿಕವನ್ನೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಜನ ಸ್ವಾಭಿಮಾನಿಗಳು, ಉಪಕಾರ ಮರೆಯರು, ಅಪಮಾನ ಸಹಿಸರು ಎಂದು ಬರೆದ. ಸೋತ ಸೇನಾಪತಿಗೆ ಶಿಕ್ಷೆ ಕೊಡದೆ ಹೆಂಗಸರ ಬಟ್ಟೆ ಕೊಡುತ್ತಾರೆ, ಯುದ್ಧಕ್ಕೆ ಮುನ್ನ ಆನೆಗಳಿಗೂ ಮದ್ಯ ಕುಡಿಸುತ್ತಾರೆ ಎಂದೂ ಬರೆದ. ಪೂರ್ವ ಪಶ್ಚಿಮಗಳನ್ನೆಲ್ಲ ಗೆದ್ದ ಹರ್ಷನಿಗೆ ಈ ನಾಡು ಮಾತ್ರ ಮಣಿಯಲಿಲ್ಲ ಎಂದು ಸ್ಪಷ್ಟವಾಗಿ ದಾಖಲಿಸಿದ. ಇದನ್ನು ಬರೆದವನು ಪುಲಿಕೇಶಿಯ ಋಣದಲ್ಲಿದ್ದವನಲ್ಲ. ಹರ್ಷನಿಂದ ಕನೌಜಿನಲ್ಲಿ ಮಹಾ ಸಭೆಯ ಗೌರವ ಪಡೆದವನು. ಉಪಕಾರ ಮಾಡಿದ ಅರಸನ ಸೋಲನ್ನು ಮುಚ್ಚಿಡದೆ ಬರೆದದ್ದಕ್ಕಾಗಿ ಈ ವರದಿಗಾರನ ಮೇಲೆ ನನಗೆ ವೃತ್ತಿಬಾಂಧವ್ಯದ ಗೌರವ. ಆತ ಹೋದ ಎರಡೇ ವರ್ಷದಲ್ಲಿ ಪಲ್ಲವರು ಬಾದಾಮಿಯನ್ನು ಹಿಡಿದರು, ಪುಲಿಕೇಶಿಯ ಕಥೆ ಮುಗಿಯಿತು.

ತಂದ ಗ್ರಂಥಗಳನ್ನಿಡಲು 652ರಲ್ಲಿ ಚಾಂಗಾನಿನಲ್ಲಿ ಎದ್ದ ಗೋಪುರವೇ ದಾಯನ್ ತಾ. ಇಂಗ್ಲಿಷಿನಿಂದ ಅನುವಾದಿಸಿ ‘ದೊಡ್ಡ ಕಾಡುಬಾತಿನ ಗೋಪುರ’ ಎನ್ನುವುದುಂಟು. ಕೇಳಲು ವಿಚಿತ್ರ. ಮೂಲ ಹುಡುಕಿದರೆ ಮಗಧಕ್ಕೆ ಹೋಗಿ ಮುಟ್ಟುತ್ತೇವೆ. ಹಸಿದ ಭಿಕ್ಷುವಿನ ಮುಂದೆ ಆಕಾಶದಿಂದ ಹಕ್ಕಿಯೊಂದು ತಾನಾಗಿ ಬಿದ್ದು ಪ್ರಾಣ ಬಿಟ್ಟಿತು, ಅದರ ನೆನಪಿಗೆ ಸ್ತೂಪ ಕಟ್ಟಿದರು ಎಂಬ ಕಥೆಯನ್ನು ಹ್ಯೂಯೆನ್ ತ್ಸಾಂಗನೇ ಬರೆದಿದ್ದಾನೆ. ಸಂಸ್ಕೃತದಲ್ಲಿ ಆ ಹಕ್ಕಿ ಹಂಸ. ಹಾಗಾಗಿ ಇದು ಹಂಸಸ್ತೂಪ. ಮೊದಲ ಕಟ್ಟಡ ಐವತ್ತು ವರ್ಷ ಬಾಳಲಿಲ್ಲ. ಸಾಮ್ರಾಜ್ಞಿ ವು ತನ್ನ ಕಾಲದಲ್ಲಿ, 704ರ ಹೊತ್ತಿಗೆ ಮತ್ತೆ ಕಟ್ಟಿಸಿದಳು. ಈಗ ಏಳು ಅಂತಸ್ತು, 64 ಮೀಟರ್ ಎತ್ತರ, ಸ್ವಲ್ಪ ವಾಲಿಕೊಂಡಿದೆ. ಬುಡದ ದಕ್ಷಿಣ ಬಾಗಿಲಿನ ಎರಡೂ ಪಕ್ಕ 653ರ ಎರಡು ಶಾಸನಗಳಿವೆ. ಅರಸನೇ ಬರೆದ ಮುನ್ನುಡಿಯನ್ನು ಚು ಸುಯ್‌ಲಿಯಾಂಗ್ ಎಂಬ ಲಿಪಿಕಾರನ ಕೈಯಿಂದ ಬರೆಸಿ ಕೆತ್ತಿಸಿದ್ದು. ಲಿಪಿ ಕಲಿಯುವವರು ಇಂದಿಗೂ ಅದನ್ನು ನೋಡಿ ತಿದ್ದುತ್ತಾರೆ.

ಚಾಂಗಾನಿನಿಂದ ನಮ್ಮಲ್ಲಿಗೆ ಬಂದವರನ್ನು ನಾವು ಬಲ್ಲೆವು. ನಮ್ಮಿಂದ ಅಲ್ಲಿಗೆ ಹೋದವರನ್ನು ಅಷ್ಟು ಬಲ್ಲೆವೇ? ದಾಷಿಂಗ್‌ಷಾನ್ ದೇವಾಲಯದಲ್ಲಿ ಎಂಟನೇ ಶತಮಾನದಲ್ಲಿ ಕೂತು ತಂತ್ರಗ್ರಂಥಗಳನ್ನು ಚೀನಿಗೆ ತಂದವರಲ್ಲಿ ಶುಭಕರಸಿಂಹ, ದಕ್ಷಿಣ ಭಾರತದ ವಜ್ರಬೋಧಿ, ಅವನ ಶಿಷ್ಯ ಅಮೋಘವಜ್ರ ಮುಖ್ಯರು. 2015ರ ಮೇ ತಿಂಗಳಲ್ಲಿ ನಮ್ಮ ಪ್ರಧಾನಿ ಷಿಯಾನಿಗೆ ಹೋಗಿದ್ದಾಗ ಆ ದೇವಾಲಯಕ್ಕೂ ಭೇಟಿ ಕೊಟ್ಟರು, ಫೋಟೊಗಳು ಪತ್ರಿಕೆಗಳಲ್ಲಿ ಬಂದವು. ಆದರೆ ಫೋಟೊ ಇಲ್ಲದ ಇನ್ನೊಂದು ಮನೆತನವಿದೆ. ಚಾಂಗಾನಿನಲ್ಲಿ ನೆಲೆಸಿದ್ದ ಗೌತಮ ಎಂಬ ಭಾರತೀಯ ಮೂಲದ ಕುಟುಂಬ. ತಲೆಮಾರುಗಳ ಕಾಲ ತಾಂಗ್ ಅರಸರ ಖಗೋಳ ಇಲಾಖೆಯನ್ನು ನಡೆಸಿದವರು. ಅವರಲ್ಲಿ ಗೌತಮ ಸಿದ್ಧ 718ರಲ್ಲಿ ನವಗ್ರಹ ಪಂಚಾಂಗವನ್ನು ಚೀನಿಗೆ ಅನುವಾದಿಸಿದ. ಸೊನ್ನೆಯನ್ನು ಚುಕ್ಕೆಯಿಂದ ಸೂಚಿಸುವ ಕ್ರಮವನ್ನೂ ಅದರಲ್ಲಿ ವಿವರಿಸಿದ. ಆತನ ಮಗನ ಗೋರಿ 1977ರಲ್ಲಿ ಷಿಯಾನಿನ ಹೊರವಲಯದಲ್ಲಿ ಸಿಕ್ಕಿತು. ಅದರೊಳಗಿದ್ದ ಶಾಸನದಿಂದ ಮನೆತನದ ವಂಶಾವಳಿ ತಿಳಿಯಿತು. ನಮ್ಮ ಯಾವ ಪಠ್ಯಪುಸ್ತಕದಲ್ಲೂ ನಾನು ಆ ಹೆಸರನ್ನು ಓದಿರಲಿಲ್ಲ.

ಎಂಟನೆಯ ದಿನ ಬಾಡಿಗೆ ಕಾರು ಮಾಡಿಕೊಂಡು ಊರಿನಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದಕ್ಷಿಣಕ್ಕೆ ಷಿಂಗ್‌ಜಿಯಾವೊ ದೇವಾಲಯಕ್ಕೆ ಹೋದೆ. ಹಳದಿ ಮಣ್ಣಿನ ದಿಬ್ಬ, ಎದುರಿಗೆ ಝೊಂಗ್‌ನಾನ್ ಬೆಟ್ಟಸಾಲು, ದಾರಿಯುದ್ದಕ್ಕೂ ಎಲೆ ಉದುರಿದ ಮರಗಳಲ್ಲಿ ಕೆಂಡದಂತೆ ನೇತಾಡುವ ಪರ್ಸಿಮನ್ ಹಣ್ಣುಗಳು. 664ರಲ್ಲಿ ತೀರಿಕೊಂಡ ಹ್ಯೂಯೆನ್ ತ್ಸಾಂಗನ ಅಸ್ಥಿಯನ್ನು ಐದು ವರ್ಷದ ನಂತರ ಇಲ್ಲಿಗೆ ತಂದರು. ಐದು ಅಂತಸ್ತಿನ ಇಟ್ಟಿಗೆಯ ಗೋಪುರ, ನಗರದ ಹಂಸಸ್ತೂಪದ ಮೂರನೇ ಒಂದರಷ್ಟು ಎತ್ತರ. ಎರಡು ಪಕ್ಕದಲ್ಲಿ ಎರಡು ಪುಟ್ಟ ಗೋಪುರಗಳು. ಒಂದು ಆತನ ಶಿಷ್ಯ ಕ್ವೇಯ್‌ಜಿಯದು, ಇನ್ನೊಂದು ಕೊರಿಯಾದಿಂದ ಬಂದ ವೊನ್‌ಚುಕ್ ಎಂಬ ಪಂಡಿತನದು. ನಾನು ಹೋದಾಗ ನನ್ನನ್ನು ಬಿಟ್ಟರೆ ಅಂಗಳ ಗುಡಿಸುತ್ತಿದ್ದ ಒಬ್ಬ ಭಿಕ್ಷು, ಒಂದು ಬೆಕ್ಕು. ಅಷ್ಟೆ.

ಈ ಮೌನ ಸುಮ್ಮನೆ ಉಳಿದದ್ದಲ್ಲ. ಹತ್ತೊಂಬತ್ತನೇ ಶತಮಾನದ ದಂಗೆಯಲ್ಲಿ ಇಲ್ಲಿ ಗೋಪುರಗಳನ್ನು ಬಿಟ್ಟು ಉಳಿದದ್ದೆಲ್ಲ ನಾಶವಾಗಿತ್ತು. ಇಪ್ಪತ್ತನೇ ಶತಮಾನದಲ್ಲಿ ಭಿಕ್ಷುಗಳು ದೇವಾಲಯವನ್ನು ಮತ್ತೆ ಕಟ್ಟಿಕೊಂಡರು. 2013ರಲ್ಲಿ ರೇಷ್ಮೆ ದಾರಿಯ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವ ತಯಾರಿ ನಡೆದಾಗ, ಹಳೆಯ ಗೋಪುರಗಳ ಸುತ್ತಲಿನ ಹೊಸ ಕಟ್ಟಡಗಳು ಅಂದಗೆಡಿಸುತ್ತವೆಂದು ದೇವಾಲಯದ ಮೂರನೇ ಎರಡರಷ್ಟು ಭಾಗವನ್ನು ಕೆಡಹುವ ಯೋಜನೆ ಹೊರಬಿತ್ತು. ಭಿಕ್ಷುಗಳು ಉಣ್ಣುವ, ಮಲಗುವ ಕೋಣೆಗಳೇ ಅದರಲ್ಲಿದ್ದವು. ಸುದ್ದಿ ಹಬ್ಬಿತು. ದೇಶದ ಉದ್ದಗಲಕ್ಕೂ ಜನ ಸಿಟ್ಟಾದರು. 1986ರ ‘ಪಶ್ಚಿಮ ಯಾತ್ರೆ’ ಟಿ.ವಿ. ಧಾರಾವಾಹಿಯಲ್ಲಿ ವಾನರನ ಪಾತ್ರ ಮಾಡಿದ್ದ ನಟ ಕೂಡ ದನಿಯೆತ್ತಿದ. ಗುರುವಿನ ಗೋರಿಯನ್ನು ಕಾಯಲು ಕೊನೆಗೆ ಶಿಷ್ಯನೇ ಬರಬೇಕಾಯಿತು ನೋಡಿ! ಕೆಡಹುವ ಯೋಜನೆಯನ್ನು ಕೈಬಿಟ್ಟರು. 2014ರಲ್ಲಿ ಗೋಪುರಗಳು ಪಟ್ಟಿಗೆ ಸೇರಿಯೂ ಸೇರಿದವು.

ಆ ಅಂಗಳದಲ್ಲಿ ಕೂತಿದ್ದಾಗ ನನಗೆ ಹಂಪಿ ನೆನಪಾಗದಿರಲಿಲ್ಲ. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆರವು ಮಾಡಿದ್ದನ್ನು ನೀವು ಓದಿದ್ದೀರಿ. ಅಲ್ಲಿ ಸಿಮೆಂಟು ಗೋಡೆ ಎಬ್ಬಿಸಿ ಕಂಬಗಳಿಗೆ ಹಾನಿಯಾಗಿದ್ದು ಸುಳ್ಳಲ್ಲ. ಆದ್ದರಿಂದ ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಸ್ಮಾರಕವನ್ನು ಉಳಿಸಲು ಹೊರಟವರು ಮೊದಲು ಹೊರಹಾಕುವುದು ಅಲ್ಲಿ ದಿನವೂ ದೀಪ ಹಚ್ಚುವವರನ್ನೇ ಏಕೆ ಎಂಬ ಪ್ರಶ್ನೆಗೆ ನನಗಂತೂ ಉತ್ತರ ಸಿಕ್ಕಿಲ್ಲ. ಷಿಯಾನಿನಲ್ಲಿ ಸಂಜೆಯ ಬೆಳಕಿನ ಬೀದಿಗೆ ಲಕ್ಷ ಜನ, ಈ ದಿಬ್ಬಕ್ಕೆ ನಾನೊಬ್ಬಳು. ಎರಡರಲ್ಲಿ ಯಾವುದು ತಾಂಗ್ ಕಾಲದ್ದೆಂದು ಪ್ರವಾಸಿಗೆ ಯಾರೂ ಹೇಳುವುದಿಲ್ಲ.

ಹೊರಡುವಾಗ ಗುಡಿಸುತ್ತಿದ್ದ ಭಿಕ್ಷು ಯಾವ ದೇಶ ಎಂದು ಕೇಳಿದರು. ‘ಯಿಂದು’ ಎಂದೆ. ಭಾರತಕ್ಕೆ ಚೀನಿಯಲ್ಲಿ ಈಗಲೂ ಬಳಸುವ ಆ ಹೆಸರು ಹ್ಯೂಯೆನ್ ತ್ಸಾಂಗ್ ತನ್ನ ವೃತ್ತಾಂತದಲ್ಲಿ ಆರಿಸಿಕೊಂಡದ್ದು. ಭಿಕ್ಷು ಪೊರಕೆ ಗೋಡೆಗೆ ಒರಗಿಸಿ ಒಳಗೆ ಹೋಗಿ ಎರಡು ಪರ್ಸಿಮನ್ ತಂದುಕೊಟ್ಟರು. ಇನ್ನೂ ಪೂರಾ ಮಾಗಿರಲಿಲ್ಲ, ಸ್ವಲ್ಪ ಒಗರು. ಎರಡನ್ನೂ ತಿಂದೆ.

ಖರ್ಚೆಷ್ಟು, ವೀಸಾ ಹೇಗೆ, ಸಸ್ಯಾಹಾರ ಸಿಗುತ್ತದೆಯೇ ಎಂದು ಕೇಳಲು ಹಿಂದಿನ ಸಾಲಿನವರು ಆಗಿನಿಂದ ಚಡಪಡಿಸುತ್ತಿದ್ದಾರೆ. ಈಗ ಕೇಳಬಹುದು.